ಗುರಿ ಹಿಡಿಯುವ ಕಣ್ಣು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಟದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಂಘದವರು ಹೇಳಿದರು. ಕಬಡ್ಡಿಯನ್ನೋ ಖೋ ಖೋವನ್ನೋ ನಿರೀಕ್ಷಿಸಿದವರು ಕ್ಷಮಿಸಬೇಕು. ಈ ಶಾಲೆಯ ಮೈದಾನದಲ್ಲಿ ನಾನು ಯಾವ ಕಪ್ಪನ್ನೂ ಗೆದ್ದವನಲ್ಲ. ಮೈಸೂರಿನಲ್ಲಿ ಗುಮಾಸ್ತನಾಗಿ ಸೇರಿ, ಸಂಜೆ ಹೊತ್ತು ಕಲಿತದ್ದು ಸ್ನೂಕರ್. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜಿನ ಮೇಲೆ ಉದ್ದನೆಯ ಕೋಲಿನಿಂದ ಚೆಂಡು ತಳ್ಳುವ ಆಟ. ಮೊದಲ ಸಲ ನೋಡಿದಾಗ ನನಗನ್ನಿಸಿದ್ದು ಇಷ್ಟೇ: ಇದು ಸಾಹುಕಾರರ ಗೋಲಿಯಾಟ!

ನಿಜಕ್ಕೂ ಇದು ನಮಗೆ ದೂರದ ಆಟವಲ್ಲ. 1875ರಲ್ಲಿ ಜಬಲ್‌ಪುರದಲ್ಲಿ ನೆವಿಲ್ ಚೇಂಬರ್‌ಲೇನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇದನ್ನು ಆರಂಭಿಸಿದ. ಇದರ ನಿಯಮಗಳು 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ರೂಪುಗೊಂಡವು. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಅದೇ ಊಟಿ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದರು.

ಇನ್ನು ನನ್ನ ಕಥೆ. ನಾನು ಬಲಗೈಯವನು. ಪುಸ್ತಕದಲ್ಲಿ ಹೇಳಿದ ಹಾಗೆ ನಿಂತು, ಬಗ್ಗಿ, ಕೋಲು ಹಿಡಿದು ಹೊಡೆಯುತ್ತಿದ್ದೆ. ವಾರೆಯ ಹೊಡೆತಗಳು ಹೇಗೋ ಬೀಳುತ್ತಿದ್ದವು. ಎದುರಿಗೇ ಇರುವ ನೇರ ಚೆಂಡು ಮಾತ್ರ ಬೀಳುತ್ತಿರಲಿಲ್ಲ. ಬಿಳಿ ಚೆಂಡು ಪ್ರತಿ ಸಲವೂ ಕೂದಲೆಳೆಯಷ್ಟು ಎಡಕ್ಕೆ ಬಡಿಯುತ್ತಿತ್ತು, ಕೆಂಪು ಚೆಂಡು ಬಲಕ್ಕೆ ಸರಿದು ಹೋಗುತ್ತಿತ್ತು. ಕೂದಲೆಳೆ ಎಂದು ಕಡೆಗಣಿಸಬೇಡಿ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್. ನೇರ ಹೊಡೆತದಲ್ಲಿ ಬಿಳಿ ಚೆಂಡು 1 ಮಿಲಿಮೀಟರ್ ಪಕ್ಕಕ್ಕೆ ತಗುಲಿದರೂ, 2 ಮೀಟರ್ ಉರುಳುವಷ್ಟರಲ್ಲಿ ಕೆಂಪು ಚೆಂಡು ಸುಮಾರು 4 ಸೆಂಟಿಮೀಟರ್ ದಾರಿ ತಪ್ಪಿರುತ್ತದೆ. ಗಣಿತದ ಮೇಷ್ಟ್ರು ಬೇಕಿದ್ದರೆ ಲೆಕ್ಕ ಹಾಕಿ ನೋಡಲಿ.

ವರ್ಷಗಟ್ಟಲೆ ನನ್ನ ಕೈಯನ್ನೇ ಬೈದುಕೊಂಡೆ. ಕೊನೆಗೆ ಕ್ಲಬ್ಬಿನಲ್ಲಿ ಅಂಕ ಬರೆಯುವ ಮಾರ್ಕರ್, ವಯಸ್ಸಾದವರು, ಒಂದು ದಿನ ಕರೆದು ಹೇಳಿದರು: "ಸಾರ್, ತಪ್ಪು ನಿಮ್ಮ ಕೈದಲ್ಲ, ಕಣ್ಣಿಂದು." ಅವರು ನನಗೆ ಮಾಡಿಸಿದ ಪರೀಕ್ಷೆಯನ್ನು ಈಗ ನಾವೆಲ್ಲ ಮಾಡೋಣ. ಕನ್ನಡಕ ಇದ್ದವರು ತೆಗೆಯಬೇಕಾಗಿಲ್ಲ.

ಎರಡೂ ಕೈಗಳನ್ನು ಮುಂದಕ್ಕೆ ಚಾಚಿ. ಅಂಗೈಗಳನ್ನು ಒಂದರ ಮೇಲೊಂದು ತಂದು, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಬಿಡಿ. ಎರಡೂ ಕಣ್ಣು ತೆರೆದೇ ಇರಲಿ. ಹೊರಗೆ ಕೂತವರು ಆ ಕಿಂಡಿಯಲ್ಲಿ ಬೆಟ್ಟದ ಮೇಲಿನ ಸಿಡಿಲು ಮಲ್ಲಿಕಾರ್ಜುನನ ಗುಡಿಯನ್ನು ಹಿಡಿಯಿರಿ. ಶಾಮಿಯಾನದ ಒಳಗಿದ್ದವರು ಈ ವೇದಿಕೆಯ ದೀಪವನ್ನು ಹಿಡಿಯಿರಿ. ಸಿಕ್ಕಿತೇ? ಈಗ ಎಡಗಣ್ಣು ಮುಚ್ಚಿ. ಗುಡಿ ಅಲ್ಲೇ ಇದ್ದರೆ ನಿಮ್ಮ ಬಲಗಣ್ಣು ಮುಂದಾಳು. ಗುಡಿ ಮಾಯವಾದರೆ ಎಡಗಣ್ಣು ಮುಂದಾಳು. ಅಗೋ, ಅಲ್ಲಿ ಹಿಂದಿನ ಸಾಲಿನಲ್ಲಿ ಗಂಡ ಹೆಂಡತಿ ನಡುವೆ ಆಗಲೇ ಜಗಳ ಶುರುವಾಗಿದೆ!

ಇಬ್ಬರ ಮಾತೂ ಸರಿ. ಹೆಚ್ಚು ಕಡಿಮೆ ನೂರಕ್ಕೆ ತೊಂಬತ್ತು ಜನ ಬಲಗೈಯವರು. ಆದರೆ ಬಲಗಣ್ಣು ಮುಂದಾಳಾದವರು ಮೂರರಲ್ಲಿ ಎರಡು ಪಾಲು ಮಾತ್ರ. ಅಂದರೆ ಬಲಗೈ, ಎಡಗಣ್ಣಿನ ಜನ ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಬಲಗೈಯನ್ನು ಆಡಿಸುವುದು ಮುಖ್ಯವಾಗಿ ಮೆದುಳಿನ ಎಡಭಾಗ. ಕಣ್ಣಿನ ವಿಷಯ ಹಾಗಲ್ಲ. ಪ್ರತಿ ಕಣ್ಣಿನ ಸುದ್ದಿಯೂ ಮೆದುಳಿನ ಎರಡೂ ಭಾಗಕ್ಕೆ ಹೋಗುತ್ತದೆ. ಅದಕ್ಕೇ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರಬಹುದು. ಇದು ರೋಗವಲ್ಲ, ಕೊರತೆಯೂ ಅಲ್ಲ.

ನಾನು ಗೋಲಿ ಆಡುವಾಗ ಬಲಗಣ್ಣು ಮುಚ್ಚುತ್ತಿದ್ದದ್ದು ಆಗ ನೆನಪಾಯಿತು. ಹುಡುಗರು ನಗುತ್ತಿದ್ದರು. ಆದರೆ ಗುರಿ ತಪ್ಪುತ್ತಿರಲಿಲ್ಲ! ಬಡಗಿ ಹಲಗೆಯ ನೇರ ನೋಡಬೇಕಾದರೆ ಅಂಚಿಗೆ ಸರಿಯಾಗಿ ಕಣ್ಣಿಡುತ್ತಾನಲ್ಲ, ಪಕ್ಕದಿಂದ ನೋಡುವುದಿಲ್ಲ. ನಾನು ಸ್ನೂಕರ್ ಕೋಲನ್ನು ಗಲ್ಲದ ಬಲಭಾಗಕ್ಕೆ ತಾಗಿಸಿ ಎಡಗಣ್ಣಿನಿಂದ ಅಡ್ಡಡ್ಡ ನೋಡುತ್ತಿದ್ದೆ. ಕೋಲನ್ನು ಗಲ್ಲದ ಎಡಕ್ಕೆ ತಂದು, ಕಾಲಿನ ನಿಲುವನ್ನು ಅದಕ್ಕೆ ಹೊಂದಿಸಿಕೊಂಡೆ. ರೂಢಿಯಾಗಲು ತಿಂಗಳುಗಳೇ ಹಿಡಿದವು. ಆಮೇಲೆ ನೇರ ಚೆಂಡು ಬೀಳತೊಡಗಿತು. 1927ರಿಂದ 1946ರವರೆಗೆ ಹದಿನೈದು ಸಲ ವಿಶ್ವ ಚಾಂಪಿಯನ್ ಆದ ಇಂಗ್ಲೆಂಡಿನ ಜೋ ಡೇವಿಸ್ ಅವರ ಬಲಗಣ್ಣಿನ ದೃಷ್ಟಿ ಮಂದವಾಗಿತ್ತು. ಅವರೂ ಬಲಗೈಯವರೇ, ಕೋಲು ಎಡಗಣ್ಣಿನ ಕೆಳಗೇ ಓಡುತ್ತಿತ್ತು. ಗಲ್ಲದ ನಡುಮಧ್ಯೆ ಕೋಲಿಟ್ಟು ಗೆದ್ದವರೂ ಇದ್ದಾರೆ. ಎಲ್ಲರಿಗೂ ಒಂದೇ ಅಚ್ಚು ಇಲ್ಲ.

ಕೈಯ ಮಾತೂ ಹೀಗೆಯೇ. ನನ್ನ ತಂಗಿ ಎಡಚಿ. ಊಟಕ್ಕೆ ಕೂತಾಗ ನಮ್ಮಜ್ಜಿ "ಎಡಗೈ ತಗಿಯವ್ವಾ" ಎಂದು ಮೆಲ್ಲಗೆ ಒಂದೇಟು ಕೊಡುತ್ತಿದ್ದರು. ಸ್ಲೇಟು ಹಿಡಿದಾಗಲೂ ಬಳಪವನ್ನು ಬಲಗೈಗೆ ಬದಲಾಯಿಸಿದರು. ಅವಳ ಅಕ್ಷರ ಕೊನೆಗೂ ದುಂಡಗಾಗಲಿಲ್ಲ. ದಡ್ಡಿ ಎಂಬ ಹೆಸರು ಅಂಟಿತು, ಓದು ನಿಂತಿತು. ಅದೇ ತಂಗಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ಕೂತರೆ, ಎಡಗೈ ಮುಂದಾಗಿ, ಕಣದಲ್ಲಿ ಅವಳ ಸಮಕ್ಕೆ ಯಾರೂ ಇಲ್ಲ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರನ್ನು ನೆನೆಯಿರಿ. ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬೌಲಿಂಗ್ ಮಾಡಿ, ಎಡಗೈಯಲ್ಲಿ ಚೆಂಡು ಎಸೆಯುತ್ತ, 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಯಾವ ಕೈಗೆ ಯಾವ ಕೆಲಸ ಎಂಬುದನ್ನು ಅವರ ಮೈಯೇ ಕಂಡುಕೊಂಡಿತು.

ಈಗ ನನ್ನ ಒಂದು ತಪ್ಪನ್ನು ಹೇಳಿ ಮುಗಿಸುತ್ತೇನೆ. ಇದನ್ನು ಹೇಳಲೆಂದೇ ಬಂದಿದ್ದೇನೆ.

ಆ ತಂಗಿಯ ಮಗ ರಜೆಗೆ ನಮ್ಮ ಮನೆಗೆ ಬರುತ್ತಿದ್ದ. ಹನ್ನೊಂದು ವರ್ಷದವನಿದ್ದಾಗ ಕ್ಲಬ್ಬಿಗೆ ಕರೆದೊಯ್ದು ಈ ಕಿಂಡಿ ಪರೀಕ್ಷೆ ಮಾಡಿಸಿದೆ. ಎಡಗಣ್ಣು! "ನೋಡಮ್ಮ, ಸೋದರಮಾವನ ಕಣ್ಣೇ ಬಂದಿದೆ" ಎಂದು ತಂಗಿಯ ಮುಂದೆ ಬೀಗಿದೆ. ಎರಡು ವರ್ಷ ಹಾಗೇ ಹೇಳಿಕೊಂಡು ತಿರುಗಿದೆ. ಹದಿಮೂರರಲ್ಲಿ ಒಂದು ಕಣ್ಣು ತಪಾಸಣೆಯಲ್ಲಿ ಅವನ ಎಡಗಣ್ಣು ಮುಚ್ಚಿಸಿ ಚಾರ್ಟು ಓದಿಸಿದರು. ಮೇಲಿನ ದೊಡ್ಡ ಅಕ್ಷರ ಬಿಟ್ಟು ಬೇರೇನೂ ಅವನಿಗೆ ಕಾಣಲಿಲ್ಲ. "ಮಾವ, ಎಲ್ಲರಿಗೂ ಈ ಕಣ್ಣು ಹೀಗೇ ಅಲ್ಲವಾ?" ಎಂದು ಕೇಳಿದ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ವೈದ್ಯರು ಬಿಡಿಸಿ ಹೇಳಿದರು. ಒಂದು ಕಣ್ಣಿಗೆ ಎಳವೆಯಿಂದಲೇ ಹೆಚ್ಚು ಪವರ್ ಇದ್ದರೆ, ಆ ಮಸುಕು ಚಿತ್ರವನ್ನು ಮೆದುಳು ಕೈಬಿಡುತ್ತದೆ. ಅದನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಒಳ್ಳೆಯ ಕಣ್ಣು ಎಲ್ಲವನ್ನೂ ನಿಭಾಯಿಸುವುದರಿಂದ ಮಗುವಿಗೂ ತಿಳಿಯುವುದಿಲ್ಲ. ಆರೇಳು ವರ್ಷದೊಳಗೆ ಸಿಕ್ಕಿದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಾಕಿದರೆ ಚೆನ್ನಾಗಿ ಸುಧಾರಿಸುತ್ತದೆ. ತಡವಾದಷ್ಟೂ ಕಷ್ಟ. ನಮ್ಮ ಹುಡುಗನಿಗೂ ಪಟ್ಟಿ ಹಾಕಿದರು. ಎರಡು ಸಾಲು ಹೆಚ್ಚು ಓದುವಷ್ಟಾಯಿತು, ಅಷ್ಟೇ. ಪೊಲೀಸ್ ಆಗಬೇಕೆಂಬುದು ಅವನ ಆಸೆಯಾಗಿತ್ತು. ಅಲ್ಲಿ ಒಂದೊಂದು ಕಣ್ಣನ್ನೂ ಬೇರೆ ಬೇರೆ ಪರೀಕ್ಷಿಸುತ್ತಾರೆ. ಆ ಆಸೆಯನ್ನು ಅವನು ಬಿಟ್ಟ.

ಕಿಂಡಿ ಪರೀಕ್ಷೆ ಯಾವ ಕಣ್ಣು ಮುಂದಾಳು ಎಂದಷ್ಟೇ ಹೇಳುತ್ತದೆ. ಹಿಂದಿರುವ ಕಣ್ಣು ಕೆಲಸ ಮಾಡುತ್ತಿದೆಯೇ ಎಂದು ಹೇಳುವುದಿಲ್ಲ. ನಾನು ಗುರಿ ನೋಡಿದೆ, ಮಗುವನ್ನು ನೋಡಲಿಲ್ಲ.

ಆದ್ದರಿಂದ ಇವತ್ತು ಶಾಲೆಗೆ ಹಾರ ತುರಾಯಿ ತಂದಿಲ್ಲ. ಕಣ್ಣು ಪರೀಕ್ಷೆಯ ಎರಡು ಚಾರ್ಟು ತಂದಿದ್ದೇನೆ. ಒಂದು ಅಕ್ಷರದ್ದು. ಇನ್ನೊಂದರಲ್ಲಿ ಇಂಗ್ಲಿಷಿನ 'ಇ' ಅಕ್ಷರ ನಾಲ್ಕು ದಿಕ್ಕಿಗೆ ತಿರುಗಿದೆ. ಓದಲು ಬಾರದ ಮಗುವೂ ಅದರ ಕಾಲು ಯಾವ ಕಡೆಗಿದೆ ಎಂದು ಬೆರಳಲ್ಲಿ ತೋರಿಸಬಹುದು. ಒಳ್ಳೆ ಬೆಳಕಿನಲ್ಲಿ 6 ಮೀಟರ್ ದೂರದಲ್ಲಿ ನಿಲ್ಲಿಸಿ. ಕಣ್ಣು ಒತ್ತದೆ ಅಂಗೈಯಿಂದ ಒಂದನ್ನು ಮುಚ್ಚಿಸಿ ಓದಿಸಿ, ಆಮೇಲೆ ಇನ್ನೊಂದನ್ನು. ಎರಡರ ನಡುವೆ ವ್ಯತ್ಯಾಸ ಕಂಡರೆ ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಕಳಿಸಿ.

ಹೈಸ್ಕೂಲಿನ ಮಕ್ಕಳೇ, ನಿಮ್ಮ ವಯಸ್ಸಿಗೆ ಇದು ಸ್ವಲ್ಪ ತಡವೇ. ಆದರೆ ನಿಮ್ಮ ಮನೆಗಳಲ್ಲಿ, ಬೀದಿಗಳಲ್ಲಿ ನಾಲ್ಕೈದು ವರ್ಷದ ತಮ್ಮ ತಂಗಿಯರಿದ್ದಾರೆ. ಅವರನ್ನು ಕರೆತಂದು ಈ ಚಾರ್ಟಿನ ಮುಂದೆ ನಿಲ್ಲಿಸುವ ಕೆಲಸ ನಿಮ್ಮದು. ಎಡಗೈಯಲ್ಲಿ ಬಳಪ ಹಿಡಿದ ಮಗು ಕಂಡರೆ, ಅದರ ಪಾಡಿಗೆ ಬರೆಯಲು ಬಿಡಿ ಎಂದು ದೊಡ್ಡವರಿಗೆ ಹೇಳುವ ಧೈರ್ಯವೂ ನಿಮಗೆ ಬರಲಿ.

ಸಭೆ ಮುಗಿದ ಮೇಲೆ ನಾನು ಒಂಬತ್ತನೇ ತರಗತಿಯ ಕೋಣೆಯಲ್ಲಿ ಚಾರ್ಟು ತೂಗುಹಾಕಿಕೊಂಡು ಕೂತಿರುತ್ತೇನೆ. ಚಿಕ್ಕ ಮಕ್ಕಳನ್ನು ಕರೆತಂದವರು ಊಟಕ್ಕೆ ಮೊದಲು ಅಲ್ಲಿಗೆ ಬನ್ನಿ.