ಬಿತ್ತನೆ ಬೀಜದ ಒಡೆತನ ಯಾರದು?

(ತಾಳಿಕೋಟೆಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಡೋಣಿ ಹೊಳೆಯ ಎರಡೂ ದಂಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವ ಒಕ್ಕಲಿಗನು ಬೀಜಕ್ಕಾಗಿ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕೆಂದಿಲ್ಲ. ಹಿಂದಿನ ವರ್ಷದ ಒಳ್ಳೆಯ ತೆನೆಗಳನ್ನು ಆರಿಸಿ ಇಟ್ಟುಕೊಂಡರೆ ಸಾಕು, ಕೂರಿಗೆಗೆ ಬೀಜ ಸಿದ್ಧ. ಅದೇ ಒಕ್ಕಲಿಗನು ಹತ್ತಿ ಬಿತ್ತಬೇಕೆಂದರೆ ಪ್ರತಿ ಮುಂಗಾರಿಗೂ ಹಣ ಕೊಟ್ಟು ಹೊಸ ಪೊಟ್ಟಣ ತರಬೇಕಾಗುತ್ತದೆ. ಹೊಲ ಒಂದೇ, ಒಕ್ಕಲಿಗನೂ ಒಬ್ಬನೇ. ಆದರೆ ಒಂದು ಬೀಜ ಅವನ ಸ್ವಂತದ್ದು, ಇನ್ನೊಂದು ಒಂದು ಹಂಗಾಮಿಗೆ ಮಾತ್ರ ಅವನದು. ಈ ವ್ಯತ್ಯಾಸ ಹೇಗೆ ಬಂತು ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ.

ತಳಿ ಮತ್ತು ಸಂಕರಣ ತಳಿ

ಎಂ 35-1 (ಮಾಲದಂಡಿ) ಜೋಳ, ಮಾರುತಿ ತೊಗರಿ ಇವು ತಳಿಗಳು. ಇವುಗಳ ಬೀಜವನ್ನು ಮರಳಿ ಬಿತ್ತಿದರೆ ಅದೇ ಗುಣದ ಬೆಳೆ ಬರುತ್ತದೆ. ಸಂಕರಣ ತಳಿ, ಅಂದರೆ ಹೈಬ್ರೀಡ್, ಹಾಗಲ್ಲ. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಬೀಜವದು. ಅದರ ಫಸಲಿನ ಬೀಜ ಬಿತ್ತಿದರೆ ಗಿಡಗಳು ಒಂದರಂತೆ ಒಂದಿರುವುದಿಲ್ಲ, ಇಳುವರಿಯೂ ಇಳಿಯುತ್ತದೆ. ಆದ್ದರಿಂದ ತಾಯಿ-ತಂದೆ ತಳಿಗಳು ಯಾರ ಕೈಯಲ್ಲಿರುತ್ತವೆಯೋ ಬೀಜದ ಕೀಲಿಯೂ ಅವರ ಕೈಯಲ್ಲಿಯೇ ಇರುತ್ತದೆ.

ಹೈಬ್ರೀಡ್ ಬೀಜವೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಕತ್ತರಕಿಯವರು ಹೊರತಂದ 'ವರಲಕ್ಷ್ಮಿ' ಹತ್ತಿಯೂ ಅನಂತರ 1981ರಲ್ಲಿ ಬಂದ ಡಿ.ಸಿ.ಎಚ್-32 (ಜಯಲಕ್ಷ್ಮಿ) ಹತ್ತಿಯೂ ಹೈಬ್ರೀಡುಗಳೇ. ಆದರೆ ಅವುಗಳ ತಾಯಿ-ತಂದೆ ತಳಿಗಳು ಸಾರ್ವಜನಿಕ ಸಂಸ್ಥೆಯವಾಗಿದ್ದವು. ಆದ್ದರಿಂದ ನಮ್ಮ ರೈತರೇ ಹೊಲದಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿ ಬೀಜ ಬೆಳೆಯಲು ಸಾಧ್ಯವಾಯಿತು.

ಹತ್ತಿ ಕಲಿಸಿದ ಪಾಠ

2002ರಲ್ಲಿ ಬಿಟಿ ಹತ್ತಿಗೆ ಕೇಂದ್ರ ಸರಕಾರದ ಒಪ್ಪಿಗೆ ದೊರೆತ ಮೇಲೆ ಪರಿಸ್ಥಿತಿ ಬದಲಾಯಿತು. ಕಾಯಿಕೊರಕ ಹುಳುವನ್ನು ತಡೆಯುವ ಜೀನ್ ಮಾನ್ಸಾಂಟೊ ಕಂಪನಿಯದಾಗಿತ್ತು. ಬೀಜ ಮಾರುವ ಇತರ ಕಂಪನಿಗಳು ಅದಕ್ಕಾಗಿ ಶುಲ್ಕ ಕೊಡಬೇಕಾಗಿತ್ತು, ಆ ಶುಲ್ಕ ಕೊನೆಗೆ ಬೀಳುತ್ತಿದ್ದುದು ರೈತನ ಮೇಲೆಯೇ. ಮೊದಲ ವರ್ಷಗಳಲ್ಲಿ 450 ಗ್ರಾಂ ಪೊಟ್ಟಣಕ್ಕೆ 1,600 ರೂಪಾಯಿ ಹಾಗೂ ಅದಕ್ಕೂ ಹೆಚ್ಚು ಬೆಲೆ ಇತ್ತು, ಅದರಲ್ಲಿ ಬಹುಪಾಲು ಈ ಶುಲ್ಕವೇ. 2006ರಲ್ಲಿ ಆಂಧ್ರಪ್ರದೇಶ ಸರಕಾರ ಏಕಸ್ವಾಮ್ಯ ಆಯೋಗದ ಮುಂದೆ ದೂರು ಕೊಟ್ಟ ಮೇಲೆ ಪೊಟ್ಟಣದ ಬೆಲೆ 750 ರೂಪಾಯಿಗೆ ಇಳಿಯಿತು. 2016ರಿಂದ ಕೇಂದ್ರ ಸರಕಾರವೇ ಬೆಲೆ ಗೊತ್ತುಪಡಿಸತೊಡಗಿ, ಶುಲ್ಕವನ್ನು 49 ರೂಪಾಯಿಗೆ ಮಿತಿಗೊಳಿಸಿತು. 2020ರಲ್ಲಿ ಶುಲ್ಕವನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕವು ಆ ಜೀನಿಗೆ ಒಗ್ಗಿಹೋಗಿತ್ತು.

ಬೀಜದೊಳಗಿನ ಜೀನಿಗೆ ಪೇಟೆಂಟ್ ಸಲ್ಲುವುದೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 2018ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಸಲ್ಲದೆಂದಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿ ಪೂರ್ಣ ವಿಚಾರಣೆಗೆ ಮರಳಿ ಕಳಿಸಿತು. 2021ರಲ್ಲಿ ಕಂಪನಿಗಳು ತಮ್ಮತಮ್ಮಲ್ಲೇ ರಾಜಿ ಮಾಡಿಕೊಂಡವು. ಹೀಗಾಗಿ ಆ ಪ್ರಶ್ನೆ ಆ ಮೊಕದ್ದಮೆಯಲ್ಲಿ ತೀರ್ಮಾನವಾಗದೆ ಉಳಿಯಿತು.

ಸಾರ್ವಜನಿಕ ಸಂಸ್ಥೆಗಳ ಲೋಪವನ್ನೂ ಮುಚ್ಚಿಡಬಾರದು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಸಿದ್ಧಪಡಿಸಿದ 'ಬಿಕಾನೇರಿ ನರ್ಮಾ' ಬಿಟಿ ಹತ್ತಿಯನ್ನು 2009ರಲ್ಲಿ ರೈತರಿಗೆ ಕೊಡಲಾಯಿತು. ಅದು ಹೈಬ್ರೀಡ್ ಆಗಿರಲಿಲ್ಲ. ಬೀಜ ಉಳಿಸಿ ಮರಳಿ ಬಿತ್ತಬಹುದಾದ ತಳಿಯಾಗಿತ್ತು. ಆದರೆ ಅದರಲ್ಲಿ ಮಾನ್ಸಾಂಟೊ ಜೀನ್ ಇರುವುದು ಕಂಡುಬಂದು, ಬೀಜ ಮಾರಾಟ ನಿಂತಿತು. ರೈತನ ಕೈಗೆ ಬರಬೇಕಾಗಿದ್ದ ಒಂದು ಬೀಜ ಹೀಗೆ ಕೈತಪ್ಪಿತು.

ಕಾಯಿದೆ ಕೊಟ್ಟ ಹಕ್ಕು

2001ರ 'ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ'ಯ 39ನೆಯ ಕಲಮು ಮುಖ್ಯವಾದುದು. ಕಂಪನಿಯ ಹೆಸರಿನಲ್ಲಿ ನೋಂದಣಿಯಾದ ತಳಿಯೇ ಆದರೂ ಅದರ ಬೀಜವನ್ನು ಉಳಿಸಲು, ಬಿತ್ತಲು, ಮರಳಿ ಬಿತ್ತಲು, ವಿನಿಮಯ ಮಾಡಲು, ಹಂಚಲು, ಮಾರಲು ರೈತನಿಗೆ ಹಕ್ಕಿದೆ. ನಿರ್ಬಂಧ ಒಂದೇ: ಆ ತಳಿಯ ಹೆಸರು ಹಚ್ಚಿದ ಚೀಲದಲ್ಲಿ ತುಂಬಿ ಮಾರತಕ್ಕದ್ದಲ್ಲ.

ಈ ಹಕ್ಕಿನ ಪರೀಕ್ಷೆ 2019ರಲ್ಲಿ ಗುಜರಾತಿನಲ್ಲಿ ನಡೆಯಿತು. ತನ್ನ ಹೆಸರಿನಲ್ಲಿ ನೋಂದಣಿಯಾದ ಬಟಾಟೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೊ ಕಂಪನಿಯು ನಾಲ್ವರು ರೈತರ ಮೇಲೆ ತಲಾ ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟ ದಾವೆ ಹೂಡಿತು. ರೈತ ಸಂಘಟನೆಗಳು 39ನೆಯ ಕಲಮನ್ನು ಮುಂದಿಟ್ಟು ಎದ್ದು ನಿಂತವು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಆ ತಳಿಯ ನೋಂದಣಿ ರದ್ದಾಗಿ, 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಆದೇಶದಿಂದ ಮತ್ತೆ ಊರ್ಜಿತವಾಯಿತು. ಆದರೆ ನೋಂದಣಿ ಇದ್ದರೂ 39ನೆಯ ಕಲಮಿನ ಹಕ್ಕು ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಯಿದೆಯು ಹಕ್ಕು ಕೊಡಬಲ್ಲದು, ಹೈಬ್ರೀಡ್ ಬೀಜಕ್ಕೆ ಮರಳಿ ಅದೇ ಗುಣ ಕೊಡಲಾರದು. ಹಕ್ಕು ಕಾಗದದಲ್ಲಿದ್ದು ಬೀಜ ಮನೆಯಲ್ಲಿ ಇಲ್ಲದಿದ್ದರೆ ಆ ಹಕ್ಕು ಚಲಾಯಿಸುವುದು ಯಾತರ ಮೇಲೆ?

ರೈತರು ಅನುಸರಿಸಬೇಕಾದ ಕ್ರಮಗಳು

1. ಬೀಜ ಕೊಳ್ಳುವಾಗ ಅದು ತಳಿಯೋ ಹೈಬ್ರೀಡೋ ಎಂದು ಕೇಳಿ ತಿಳಿಯಿರಿ. ಚೀಲದ ಚೀಟಿ ನೋಡಿರಿ: ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ ಇರುತ್ತದೆ.

2. ಲಾಟ್ ನಂಬರು ಬರೆದ ರಸೀದಿ ಪಡೆಯಿರಿ. ರಸೀದಿ, ಚೀಟಿ, ಖಾಲಿ ಚೀಲ ಮತ್ತು ಒಂದು ಹಿಡಿ ಬೀಜವನ್ನು ರಾಶಿ ಆಗುವವರೆಗೆ ಕಾಯ್ದಿಡಿರಿ. ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿದೆ. ಬೀಜ ದೋಷವಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಪುರಾವೆ ಬೇಕು.

3. ಜೋಳ, ತೊಗರಿ, ಕಡಲೆಗಳಲ್ಲಿ ಸ್ವಂತ ಬೀಜ ಇಡಿರಿ. ತೊಗರಿ ಹೂವಿನಲ್ಲಿ ಜೇನುಹುಳುಗಳಿಂದ ಬೆರಕೆಯಾಗುವುದರಿಂದ ಹೊಲದ ಅಂಚು ಬಿಟ್ಟು, ನಡುವಿನ ರೋಗವಿಲ್ಲದ ಗಿಡಗಳನ್ನು ಆರಿಸಿರಿ. ಬೀಜವನ್ನು ಚೆನ್ನಾಗಿ ಒಣಗಿಸಿ ತುಂಬಿಡಿರಿ.

4. ಬಿತ್ತುವ ಮೊದಲು 100 ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿರಿ. ಜೋಳ, ತೊಗರಿಗಳಲ್ಲಿ 75ಕ್ಕಿಂತ ಕಡಿಮೆ ಮೊಳೆತರೆ ಅದು ಬೀಜಕ್ಕೆ ಯೋಗ್ಯವಲ್ಲ.

5. ಮೂರು-ನಾಲ್ಕು ವರ್ಷಕ್ಕೊಮ್ಮೆ ಕೃಷಿ ಸಂಶೋಧನಾ ಕೇಂದ್ರದಿಂದ ಶುದ್ಧ ಬೀಜ ತಂದು ಊರಿನವರು ಹಂಚಿಕೊಳ್ಳಿರಿ. ಹೀಗೆ ಹಂಚಿಕೊಳ್ಳಲು ಕಾಯಿದೆಯ ಅಡ್ಡಿಯಿಲ್ಲ.

ಹೊಸ ತಂತ್ರಜ್ಞಾನ ಬೇಡವೆಂದು ಹೇಳಲಾಗದು. ಅದು ಲಾಭ ತರುವಲ್ಲಿ ಬಳಸತಕ್ಕದ್ದೇ. ಆದರೆ ಹೊಲದ ಎಲ್ಲ ಬೆಳೆಗಳ ಬೀಜಕ್ಕೂ ಅಂಗಡಿಯ ಬಾಗಿಲು ಕಾಯುವ ರೈತನು ಅವರು ಹೇಳಿದ ದರಕ್ಕೇ ಕೊಳ್ಳಬೇಕಾಗುತ್ತದೆ. ಒಂದೆರಡು ಬೆಳೆಗಳ ಬೀಜವನ್ನಾದರೂ ಮನೆಯಲ್ಲಿಟ್ಟುಕೊಂಡವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿರುತ್ತದೆ. ಈ ಹಿಂಗಾರಿಯಲ್ಲಿ ರಾಶಿ ಮಾಡುವ ಮೊದಲು ಬೀಜದ ತೆನೆಗಳನ್ನು ಬೇರೆ ತೆಗೆದಿಡಲು ಮರೆಯದಿರಿ.