ತರುಣರ ಅಪರಾಧಪ್ರವೃತ್ತಿ ಮತ್ತು ಮನೆಯ ಸಂಸ್ಕಾರ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಜಿನಬಿಂಬ ಪ್ರತಿಷ್ಠೆಯ ಮಂಗಳ ಸಂದರ್ಭದಲ್ಲಿ ಅಪರಾಧದ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಜೈನ ಕಥಾಸಾಹಿತ್ಯವು ಈ ವಿಷಯಕ್ಕೆ ಎಂದೂ ಹೇಸಿದುದಿಲ್ಲ. ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ 19 ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಹಗಲು ಕುಷ್ಠರೋಗಿಯ ವೇಷ, ಇರುಳು ಕಳವು. ಇವನು ದರಿದ್ರನ ಮಗನಲ್ಲ, ರಾಜಕುಮಾರ! ಬಾಲ್ಯದಲ್ಲಿ ಇವನು ಕಲಿತದ್ದು ಚೋರಶಾಸ್ತ್ರ; ಇವನ ಗೆಳೆಯ ಯಮದಂಡನು ಕಲಿತದ್ದು ಕಳ್ಳರನ್ನು ಹಿಡಿಯುವ ತಳಾರನ ವಿದ್ಯೆ. ಬಡತನವೇ ಅಪರಾಧದ ತಾಯಿ ಎಂಬ ಸುಲಭದ ಮಾತನ್ನು ಈ ಕಥೆ ಒಪ್ಪುವುದಿಲ್ಲ.

ಆಧುನಿಕ ಸಂಶೋಧನೆಯೂ ಅದನ್ನು ಪೂರ್ತಿಯಾಗಿ ಒಪ್ಪಿಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಗ್ಲೂಯೆಕ್ ದಂಪತಿಗಳು 500 ಮಂದಿ ಅಪರಾಧಿ ಬಾಲಕರನ್ನು 500 ಮಂದಿ ನಿರಪರಾಧಿ ಬಾಲಕರೊಡನೆ ಹೋಲಿಸಿ 1950ರಲ್ಲಿ ಗ್ರಂಥ ಪ್ರಕಟಿಸಿದರು. ಎರಡೂ ಗುಂಪಿನವರು ಬಡ ಕೇರಿಗಳವರೇ. ಭೇದವು ಕಂಡದ್ದು ಮನೆಯೊಳಗೆ: ತಾಯಿಯ ಮೇಲ್ವಿಚಾರಣೆ, ತಂದೆಯ ಶಿಸ್ತಿನ ರೀತಿ, ಪರಸ್ಪರ ಅಕ್ಕರೆ. 1961ರಲ್ಲಿ ದಕ್ಷಿಣ ಲಂಡನ್ನಿನ 411 ಬಾಲಕರ ಜೀವನವನ್ನು ಹಿಂಬಾಲಿಸುವ ಅಧ್ಯಯನವೊಂದು ಆರಂಭವಾಯಿತು. ಒಟ್ಟು ಶಿಕ್ಷೆಗಳಲ್ಲಿ ಅರ್ಧದಷ್ಟು, ನೂರಕ್ಕೆ ಐದಕ್ಕಿಂತಲೂ ಕಡಿಮೆ ಕುಟುಂಬಗಳ ಪಾಲಿಗೇ ಬಂದಿದ್ದುವೆಂದು ಅಲ್ಲಿ ತಿಳಿದುಬಂತು. ಆದರೂ ಶಿಕ್ಷೆಗೊಳಗಾದ ತಂದೆಯರು ಮಕ್ಕಳಿಗೆ ಕಳವನ್ನು ಕೈಹಿಡಿದು ಕಲಿಸಿದವರಲ್ಲ. ಮಗನ ಅಪರಾಧವನ್ನು ಅವರೇ ನಿಂದಿಸುತ್ತಿದ್ದರು. ಕಾಣದಿದ್ದುದು ಮಗನ ಮೇಲಿನ ಗಮನ.

ಈ ಮಾತು ವ್ಯಾಪಾರಸ್ಥರ ಮನೆಗಳಿಗೆ ಚೆನ್ನಾಗಿ ನಾಟಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೊದಲನೆಯದು ಸ್ತೇನಪ್ರಯೋಗ, ಎಂದರೆ ಕಳ್ಳತನಕ್ಕೆ ಪ್ರೇರಿಸುವುದು. ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ ಇವು ಉಳಿದವು. ಇವುಗಳಲ್ಲಿ ಯಾವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಹತ್ತು ವರ್ಷದ ಬಾಲಕನ ಕಣ್ಣಿಗೆ ಬೀಳದು? ಕೊಡುವಾಗ ಒಂದು ತೂಕ, ಕೊಳ್ಳುವಾಗ ಒಂದು ತೂಕ. ತೆರಿಗೆಯವರಿಗೆ ಒಂದು ಲೆಕ್ಕ, ಮನೆಗೆ ಒಂದು ಲೆಕ್ಕ. ಅದೇ ತಂದೆಯು ಸಂಜೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಮಗನಿಗೆ ವ್ರತಗಳ ಹೆಸರು ಕಂಠಪಾಠ ಮಾಡಿಸುತ್ತಾನೆ. (ರಾತ್ರಿಭೋಜನತ್ಯಾಗವನ್ನು ಲಘುವಾಗಿ ಕಾಣುವ ಮಾತಲ್ಲ ಇದು.) ಮುಂದೆ ಆ ಮಗನು ಮೊಬೈಲಿನಲ್ಲಿ ಪಂದ್ಯ ಕಟ್ಟಿ, ಸಾಲ ಮಾಡಿ, ಗಲ್ಲಾಪೆಟ್ಟಿಗೆಗೇ ಕೈಯಿಕ್ಕಿದಾಗ ಸಂಗದೋಷವೆಂದು ನೆರೆಮನೆಯ ಹುಡುಗನನ್ನು ದೂರುವುದು ವಾಡಿಕೆ. ಸಪ್ತವ್ಯಸನಗಳ ಎಣಿಕೆಯಲ್ಲಿ ದ್ಯೂತವನ್ನು ಮೊದಲಿಟ್ಟವರು ಅರಿತೇ ಇಟ್ಟಿರಬೇಕು.

ಹಾಗೆಂದು ಎಲ್ಲ ಹೊಣೆಯೂ ತಂದೆತಾಯಿಯರದೆನ್ನುವುದು ಸಿದ್ಧಾಂತಕ್ಕೆ ಒಪ್ಪದು. ಪರಿಸರವು ನಿಮಿತ್ತ, ಉಪಾದಾನವು ಆತ್ಮನೇ. ಒಂದೇ ತಾಯಿಯ ಮಕ್ಕಳು ಎರಡು ದಾರಿ ಹಿಡಿಯುವುದು ಇದರಿಂದಲೇ. ಭಾರತದ ಕಾನೂನೂ ಎರಡನ್ನೂ ಗಣಿಸುತ್ತದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯಂತೆ, ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧದಲ್ಲಿ 21 ವರ್ಷ ತುಂಬದವನನ್ನು ನ್ಯಾಯಾಲಯವು ಕಾರಣ ಬರೆಯದೆ ಸೆರೆಮನೆಗೆ ಕಳುಹಿಸಕೂಡದು. ಪ್ರೊಬೇಷನ್ ಅಧಿಕಾರಿಯು ಅವನ ಮನೆಯ ಪರಿಸ್ಥಿತಿಯನ್ನೂ ವಿಚಾರಿಸುತ್ತಾನೆ.

ಬಾಸ್ಟನ್ನಿನ ಆ ಬಾಲಕರನ್ನು ಅವರ ವೃದ್ಧಾಪ್ಯದವರೆಗೂ ಮುಂದಿನ ವಿದ್ವಾಂಸರು ಹುಡುಕಿ ನೋಡಿದರು. ಅಪರಾಧವನ್ನು ಬಿಟ್ಟ ಅನೇಕರ ಬಾಳಿನಲ್ಲಿ ಸ್ಥಿರವಾದ ಉದ್ಯೋಗ, ಒಳ್ಳೆಯ ದಾಂಪತ್ಯ ಮೊದಲಾದ ತಿರುವುಗಳು ಕಂಡುವು. ವಿದ್ಯುಚ್ಚೋರನೂ ಕೊನೆಗೆ ದೀಕ್ಷೆವಡೆದು ಉಪಸರ್ಗವನ್ನು ಸೈರಿಸಿದನು. ಕಥೆಗಾರನು ಅವನನ್ನು ರಿಸಿಯೆಂದು ಕರೆದನು, ಚೋರನೆಂಬ ಹೆಸರನ್ನೂ ಉಳಿಸಿದನು. ಪ್ರೊಬೇಷನ್ನಿನ ಮೇಲೆ ಬಿಡುಗಡೆಯಾದ ತರುಣನಿಗೆ ಮೊದಲು ಬೇಕಾದುದು ತಿಂಗಳ ಸಂಬಳದ ಕೆಲಸ. ಅಂಗಡಿ, ಗಿರಣಿ, ತೋಟಗಳುಳ್ಳ ಹಿರಿಯರು ಈ ಸಭೆಯಲ್ಲಿ ಅನೇಕರಿದ್ದಾರೆ. ಅಂಥವನೊಬ್ಬನು ಬಾಗಿಲಿಗೆ ಬಂದಾಗ ಅವರು ಏನು ಹೇಳಿ ಕಳುಹಿಸುವರೆಂಬುದನ್ನು ಅವರವರೇ ಬಲ್ಲರು.