ನುಚ್ಚಿನ ಲೆಕ್ಕ: ಅಕ್ಕಿ ಗಿರಣಿಯಲ್ಲಿ ನಿರಂತರ ಸುಧಾರಣೆ

ಉದ್ಯಮವೊಂದರ ಕಾರ್ಯತಂತ್ರ ಮಾಲೀಕರ ಕೋಣೆಯಲ್ಲಿ ಹುಟ್ಟುತ್ತದೆ. ಅದು ಫಲ ಕೊಡಬೇಕಾದದ್ದು ಯಂತ್ರದ ಪಕ್ಕದಲ್ಲಿ. ಈ ಎರಡನ್ನು ಜೋಡಿಸುವ ಕೆಲಸವೇ ನಿರಂತರ ಸುಧಾರಣೆ. ಯೋಜಿಸು, ಮಾಡು, ಪರೀಕ್ಷಿಸು, ತಿದ್ದು ಎಂಬ ಅದರ ಆವರ್ತಕ್ಕೆ ಬುನಾದಿ ಹಾಕಿದವರು ಅಮೆರಿಕದ ಶೆವಾರ್ಟ್ ಮತ್ತು ಡೆಮಿಂಗ್. ಡೆಮಿಂಗ್ 1950ರಲ್ಲಿ ಜಪಾನಿನಲ್ಲಿ ಉಪನ್ಯಾಸ ಕೊಟ್ಟ ಮೇಲೆ ಅಲ್ಲಿನ ಕಾರ್ಖಾನೆಗಳು ಈ ಕ್ರಮವನ್ನು ಬೆಳೆಸಿದವು. 'ಕೈಜೆನ್' ಎಂಬ ಹೆಸರು ಹೊರಜಗತ್ತಿಗೆ ಚಿರಪರಿಚಿತವಾದದ್ದು 1986ರಲ್ಲಿ ಬಂದ ಮಸಾಕಿ ಇಮಾಯ್ ಅವರ ಪುಸ್ತಕದಿಂದ.

ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಅರಿಯಲು ಗಂಗಾವತಿಯ ರೈಸ್ ಮಿಲ್ಲಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ, ಕಾರಟಗಿಗಳ ಸುತ್ತ ನೆಲ್ಲು ಹಬ್ಬಿತು, ಬೆನ್ನಿಗೇ ಗಿರಣಿಗಳು ಬಂದವು. ಕ್ವಿಂಟಲ್ ನೆಲ್ಲಿನಲ್ಲಿ ಸುಮಾರು 20 ಕಿಲೋ ಹೊಟ್ಟು, 8 ಕಿಲೋದಷ್ಟು ತೌಡು. ಸರಕಾರಕ್ಕೆ ಆಡಿಸಿಕೊಡುವಾಗ ಕುದಿಸದ ನೆಲ್ಲಿಗೆ 67, ಕುದಿಸಿದ್ದಕ್ಕೆ 68 ಕಿಲೋ ಅಕ್ಕಿ ಎಂಬ ಲೆಕ್ಕವಿದೆ. ಆದರೆ ಆ ಅಕ್ಕಿಯಲ್ಲಿ ಇಡಿಗಾಳು ಎಷ್ಟು, ನುಚ್ಚು ಎಷ್ಟು ಎಂಬುದರ ಮೇಲೆ ಪೇಟೆಯ ಬೆಲೆ ನಿಲ್ಲುತ್ತದೆ.

'ಒಳ್ಳೆಯ ಸೋನಾ ಮಸೂರಿ ಮಾರುವ ಗಿರಣಿ ಎನಿಸಿಕೊಳ್ಳಬೇಕು' ಎಂಬುದು ಕಾರ್ಯತಂತ್ರ. ಯಂತ್ರ ನಡೆಸುವವನಿಗೆ ಆ ಮಾತಿನಿಂದ ಕೆಲಸ ತಿಳಿಯದು. 'ಕ್ವಿಂಟಲ್‌ಗೆ ನುಚ್ಚು ಎರಡು ಕಿಲೋ ಇಳಿಯಬೇಕು' ಎಂದರೆ ತಿಳಿಯುತ್ತದೆ. ದಿನಕ್ಕೆ 500 ಕ್ವಿಂಟಲ್ ಆಡಿಸುವ ಗಿರಣಿಗೆ ಇದು 10 ಕ್ವಿಂಟಲ್ ಇಡಿಗಾಳು.

ನುಚ್ಚಿನ ಮೂಲ ಹುಡುಕುತ್ತಾ ಹೋದರೆ ಅದು ಗಿರಣಿಯ ಬಾಗಿಲು ದಾಟಿ ಹೊಲದವರೆಗೂ ಹೋಗುತ್ತದೆ. ಯಂತ್ರದಿಂದ ಕೊಯ್ದ ಹಸಿ ನೆಲ್ಲನ್ನು ಸುಡುಬಿಸಿಲಿಗೆ ಹರವಿ ಒಮ್ಮೆಲೇ ಒಣಗಿಸಿದರೆ ಕಾಳಿನೊಳಗೆ ಬಿರುಕು ಬೀಳುತ್ತದೆ. ಹೊರಗೆ ಕಾಣದ ಆ ಬಿರುಕಿನಿಂದ ಕಾಳು ಗಿರಣಿಯಲ್ಲಿ ಒಡೆಯುತ್ತದೆ. ಆಡಿಸುವ ಹೊತ್ತಿಗೆ ತೇವಾಂಶ ಶೇ. 14ರ ಆಸುಪಾಸಿನಲ್ಲಿರಬೇಕು. ಒಳಗೆ, ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುವ ಎರಡು ರಬ್ಬರ್ ರೋಲುಗಳು ಹೊಟ್ಟು ಸುಲಿಯುತ್ತವೆ. ಒಂದೇ ಸುತ್ತಿಗೆ ಎಲ್ಲ ನೆಲ್ಲೂ ಸುಲಿಯಲೆಂದು ರೋಲು ಬಿಗಿ ಮಾಡಿ ಕಾಳು ಒಡೆಯುವುದು ಸಾಮಾನ್ಯ ತಪ್ಪು. ಒಂದಿಷ್ಟು ನೆಲ್ಲು ಸುಲಿಯದೆ ಉಳಿದು ಮತ್ತೆ ರೋಲಿಗೆ ಹೋಗುವುದೇ ಸರಿ. ಪಾಲಿಶಿನ ಒತ್ತಡ ಅತಿಯಾದರೂ ಹೀಗೇ ಕಾಳು ಒಡೆಯುತ್ತದೆ.

ನುಚ್ಚಿಗೆ ಕಾರಣ ಹೀಗೆ ಹಲವು ಇರುವುದರಿಂದ ಒಮ್ಮೆಗೆ ಒಂದನ್ನೇ ಬದಲಿಸಬೇಕು: ಇವತ್ತು ರೋಲಿನ ಸಂದು, ಆಮೇಲೆ ಒತ್ತಡ. ಪ್ರತಿ ಪಾಳಿಯಲ್ಲೂ ಮಾದರಿ ತೆಗೆದು, ನುಚ್ಚು ಆರಿಸಿ ತೂಗಿ, ಅಂಕಿಯನ್ನು ಯಂತ್ರದ ಬಳಿಯೇ ಬರೆಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಎಂದು ಯಾರಿಗೂ ತಿಳಿಯದು. ನುಚ್ಚು ಇಳಿದ ಹೊಂದಿಕೆಯನ್ನು ಬರೆದಿಟ್ಟು ಎಲ್ಲ ಪಾಳಿಗಳಿಗೂ ಅದನ್ನೇ ನಿಯಮ ಮಾಡಬೇಕು. ಬರೆದಿಡದ ಸುಧಾರಣೆ ಅದನ್ನು ಕಂಡುಕೊಂಡವನು ಕೆಲಸ ಬಿಟ್ಟ ದಿನವೇ ಹೋಗುತ್ತದೆ.

ಈ ಕೆಲಸದಲ್ಲಿ ಅತಿ ಮುಖ್ಯನಾದವನು ರೋಲಿನ ಸದ್ದಿನಿಂದಲೇ ಸವೆತ ಗುರುತಿಸುವ ಅನುಭವಿ. ಅವನು ಹೇಳಿದ್ದನ್ನು ಕೇಳದ, ತಪ್ಪು ತೋರಿಸಿದವನನ್ನೇ ಬೈಯುವ ಗಿರಣಿಯಲ್ಲಿ ಲೆಕ್ಕಕ್ಕೆ ಸುಳ್ಳು ಅಂಕಿ ಸೇರುತ್ತದೆ. ತೇವಾಂಶ ಅಳೆಯುವ ಒಂದು ಮೀಟರ್, ಒಂದು ತಕ್ಕಡಿ, ಒಂದು ಕರಿಹಲಗೆ: ಶುರು ಮಾಡಲು ಇಷ್ಟು ಸಾಕು.